ವಿವರದ ಕಾಲಂ

ಚಿರುಂಡು ಸೇತುವೆಯ ಬಡಗಣ ದಡದಲ್ಲಿ
ಇಪ್ಪತ್ತೆರಡು ವರ್ಷ ಫಾರಂ ತುಂಬಿದೆ.
ಒಂದು ಲಾರಿಗೆ ಏಳು ಪ್ರತಿ, ನಡುನಡುವೆ ಕಾರ್ಬನ್,
ಎರಡು ದೇಶದ ಠಸ್ಸೆ,
ಎರಡು ದೇಶದ ಊಟದ ಬಿಡುವು.
ಚಾಲಕರು ಗಾಲಿಗಳ ನಡುವೆ ಚಾಪೆ ಹಾಸಿ
ಮೂರು ದಿನ ಮಲಗುವರು, ಕೆಲವೊಮ್ಮೆ ಒಂಬತ್ತು.
ಒಬ್ಬನಿಗಂತೂ ಗಡ್ಡ ಬೆಳೆದು
ಪಾಸ್‌ಪೋರ್ಟಿನ ಮುಖಕ್ಕೆ ಹೊಂದದೆ
ಇನ್ನೂ ಒಂದು ದಿನ ಕಾದ.
ಸುಂಕದವನ ಮುಂದೆ ಸುಖದುಃಖ ಹೇಳಬಾರದು, ನಿಜ;
ನನಗೆ ಅದೇ ಹೊಟ್ಟೆಪಾಡು.

ವಿವರದ ಕಾಲಂ ಆಗ ಸಲೀಸು:
ತಾಮ್ರ.
ತಾಮ್ರ.
ಮರದ ದಿಮ್ಮಿ. ತಾಮ್ರ.
ಕಾಯಿಸುವ ಗಡಿಯಲ್ಲಿ
ಕಾಯಬಲ್ಲ ಸಾಮಾನೇ ತಾನೆ ಮಾರಾಟದ್ದು?
ಕಿತ್ತಳೆ ತಂದವನೊಬ್ಬ ಅರ್ಧ ಕೊಳೆಸಿದ,
ಉಳಿದರ್ಧ ರಾತ್ರಿ ಆನೆ ತಿಂದಿತು,
ಸುಂಕ ಕಟ್ಟದೆ.

ಆಮೇಲೆ ಎರಡು ಕಚೇರಿ ಒಂದೇ ಸೂರಿನಡಿ ಬಂದವು.
ಒಮ್ಮೆ ನಿಂತರೆ ಸಾಕು.
ಮೊದಲ ವರ್ಷ ಅದೇ ತಾಮ್ರ, ಬೇಗ ದಾಟಿತು, ಅಷ್ಟೆ.
ಮೂರನೆಯ ವರ್ಷ, ಒಂದು ಬುಧವಾರ,
ಎನ್‌ಡೋಲಾದಿಂದ ಚೋಲ್ವೆ ಎಂಬ ಹುಡುಗಿ
ಪಿಕಪ್ಪಿನಲ್ಲಿ ನಲವತ್ತು ಪೆಟ್ಟಿಗೆ ತಂದಳು.
ಆಚೆಯ ಆಸ್ಪತ್ರೆಗೆ ಶುಕ್ರವಾರದೊಳಗೆ ಬೇಕಂತೆ.
ಕಾಲಮ್ಮಿನಲ್ಲಿ ಬರೆಸಿದಳು:
ಲಸಿಕೆಯ ಫ್ರಿಜ್ಜಿಗೆ ವೋಲ್ಟೇಜ್ ನಿಯಂತ್ರಕ, ಸುರುಳಿ ಸಹಿತ.
ನನ್ನ ಬೆರಳು ತಡವರಿಸಿತು. ಸುರುಳಿ ಅಂದರೆ?
"ನಿಮ್ಮ ಹಳೆಯ ತಾಮ್ರವೇ ಅಜ್ಜ, ಕೂದಲೆಳೆಯಾಗಿ
ಎಂಟುನೂರು ಸುತ್ತು."
ಎಣಿಸಿದ್ದೀಯಾ ಅಂದೆ.
ಎಣಿಸುವುದೇ ಕೆಲಸ ಅಂದಳು.
ಮುಚ್ಚಳ ತೆಗೆದು, ನಾನು ಕೇಳದಿದ್ದರೂ,
ಉಗುರಿನಷ್ಟು ಕರಿಯ ಚಿಪ್ ತೋರಿಸಿದಳು:
"ಇದು ಮಾತ್ರ ಶೆನ್‌ಜೆನ್ನಿನದು. ಮೊದಲಾದರೆ
ಬಂದರಿನಲ್ಲೇ ಕೂತು ಮುದುಕಾಗುತ್ತಿತ್ತು."
ನಲವತ್ತು ನಿಮಿಷ.
ಹೇಳಿಕಳಿಸಿದ ಚಹಾ ಬರುವಷ್ಟರಲ್ಲಿ ಅವಳಿರಲಿಲ್ಲ.

ನಾಮೂಂಗಾಳ ಅಂಗಡಿ ಮುಚ್ಚಿತು.
ನಿಲ್ಲದ ಲಾರಿಗೆ ಯಾರು ಮೀನು ಹುರಿಯುತ್ತಾರೆ?
ನನ್ನ ಕುರ್ಚಿಯೂ ಹೋಯಿತು. ಫಾರಂ ಈಗ
ಲಾರಿಗಿಂತ ಮುಂಚೆ ಗಾಳಿಯಲ್ಲಿ ಬಂದಿರುತ್ತದೆ.
ಅವಳ ಮೇಲೆ ಸಿಟ್ಟಿಲ್ಲ.
ಇದೆ, ಸ್ವಲ್ಪ.

ಹತ್ತು ಲಾರಿಯಲ್ಲಿ ಒಂಬತ್ತು ಇವತ್ತಿಗೂ ತಾಮ್ರವೇ;
ಚಕ್ರ ಕೂರುವ ರೀತಿಯಲ್ಲೇ ಗೊತ್ತಾಗುತ್ತದೆ.
ಹತ್ತನೆಯದಕ್ಕಾಗಿ ಸಂಜೆ ಸೇತುವೆಗೆ ಬರುತ್ತೇನೆ.
ಕೆಳಗೆ ಜಾಂಬೆಜಿಯಲ್ಲಿ ನೀರಾನೆಗಳ ಗೊರಕೆ,
ಮೇಲೆ ಹಗುರಾಗಿ ಓಡುವ ಒಂದು ಟಾರ್ಪಾಲು.
ಒಳಗೇನಿದೆಯೆಂದು ಊಹಿಸಿ
ಮನಸ್ಸಿನಲ್ಲೇ ಬರೆಯುತ್ತೇನೆ, ಏಳು ಪ್ರತಿ.
ಕಾಗುಣಿತ ತಪ್ಪುತ್ತದೆ.