ಗುಂಡಿ

ಕಡಲು ಇಳಿದು ಹೋಗಿದೆ.
ಫ್ಯೋರ್ ದ್ವೀಪದಿಂದ ಆಮ್ರುಮಿನ ತನಕ ಬರೀ ಕೆಸರು,
ಬರಿಗಾಲಲ್ಲಿ ದಾಟಬಹುದು
ದಾರಿ ಬಲ್ಲವರು.

ನಾಮೆನ್ ಇಲ್ಲಿ ಗುಂಡಿ ತೋಡುತ್ತಿದ್ದ,
ಗಾಳ ಹಾಕುವವರಿಗೆ ಹುಳು ಮಾರಿ ಹೊಟ್ಟೆ ಹೊರೆಯುತ್ತ.
ಸಲಿಕೆಯ ಮೊದಲ ಪಟ್ಟಿಗೆ ಕಂದು ಕೆಸರು,
ಎರಡನೆಯದಕ್ಕೆ ಕಪ್ಪು,
ಕಾಡಿಗೆಯಂಥ ಕಪ್ಪು,
ಕೊಳೆತ ಮೊಟ್ಟೆಯ ನಾತ.
'ಕೆಳಗಿನವರು ಉಸಿರು ಬಿಟ್ಟರು' ಎನ್ನುತ್ತಿದ್ದ
ಮೂಗು ಮುಚ್ಚದೆ.
ಅದು ತಮಾಷೆಯಲ್ಲ, ವರದಿ ಎಂದು
ಅವನಿಗೆ ಯಾರೂ ಹೇಳಿರಲಿಲ್ಲ.

ಒಂದು ದಿನ ಗುಂಡಿಯೊಳಗೆ ಗುಂಡಿ ಸಿಕ್ಕಿತು.
ಹೆಂಡತಿ ಎಲ್ಲಿನ್ ಮದುವೆಗೆ ಈ ಕೆಸರು ದಾಟಿಯೇ ಬಂದವಳು,
ಎದೆಯ ಮೇಲೆ ಹನ್ನೆರಡು ಬೆಳ್ಳಿಗುಂಡಿ, ತಂತಿ ಹೆಣೆದವು.
ಚರ್ಚಿನ ಬಾಗಿಲಲ್ಲಿ ಎಣಿಸಿದರೆ ಹನ್ನೊಂದು.
ಹತ್ತೊಂಬತ್ತು ವರ್ಷಕ್ಕೆ ವಾಪಸು ಬಂದದ್ದು
ಕರಿಮೆಣಸಿನ ಕಾಳಿನ ಹಾಗೆ.
ಅವಳು ತಿಕ್ಕಲಿಲ್ಲ. ಹಾಗೇ ಹೊಲಿದುಕೊಂಡಳು.

ಮೊಮ್ಮಗಳು ಮಾರೆಟ್ ಬ್ರೆಮೆನ್ನಿನಲ್ಲಿ
ಗಾಜಿನ ಪೆಟ್ಟಿಗೆಗೆ ಮೊಣಕೈವರೆಗೆ ಕೈ ತೂರಿಸಿ ನಿಂತಿದ್ದಾಳೆ.
ಒಳಗೆ ಅದೇ ಕೆಸರಿನವರು.
ಗಾಳಿ ಸೋಕಿದರೆ ಇವರಿಗೆ ಮೈಲಿಗೆ,
ನಮ್ಮ ಪ್ರಾಣವಾಯು ಇವರಿಗೆ ಪ್ರಾಣಸಂಕಟ.
ಇವರು ಉಸಿರಾಡುವುದು ಸಲ್ಫೇಟನ್ನು,
ಕಡಲುಪ್ಪಿನ ಜತೆ ಪುಕ್ಕಟೆ ಬರುವಂಥದ್ದು.
ಆದರೆ ಅದು ಸುಮ್ಮನೆ ಬಗ್ಗುವ ಆಸಾಮಿಯಲ್ಲ;
ಮೊದಲು ಕೈಯಿಂದ ಖರ್ಚು ಮಾಡಬೇಕು,
ಇದ್ದ ಶಕ್ತಿಯಲ್ಲಿ ಒಂದು ತುಣುಕು ಮುರಿದು ಅದರ ಕೊರಳಿಗೆ ಕಟ್ಟಬೇಕು.
ಆಗ ಒಂದು ಮೆಟ್ಟಿಲು ಇಳಿದು ಸಲ್ಫೈಟಾಗುತ್ತದೆ.

ಇನ್ನು ಕಿಣ್ವದ ಸರದಿ.
ಜೋಡಿಗೆ ಜೋಡಿ ಹೆಣೆದುಕೊಂಡ ಪ್ರೋಟೀನು,
ಅದರ ಆಳದ ಗುಂಡಿಯಲ್ಲಿ ಸಿರೋಹೀಮ್ ಎಂಬ ಉಂಗುರ,
ಉಂಗುರದ ನಡುವೆ ಒಂದೇ ಒಂದು ಕಬ್ಬಿಣ.
ಗೂಟಕ್ಕೆ ದೋಣಿ ಕಟ್ಟಿದ ಹಾಗೆ
ಗಂಧಕ ಅಲ್ಲಿ ನಿಲ್ಲುತ್ತದೆ.
ಎಲೆಕ್ಟ್ರಾನುಗಳು ಬರುತ್ತವೆ ಎರಡೆರಡಾಗಿ,
ಆಮ್ಲಜನಕ ಕಳಚುತ್ತದೆ,
ನೀರಾಗಿ ಹರಿದುಹೋಗುತ್ತದೆ, ಗುರುತೂ ಉಳಿಯದೆ.
ಆರು ಎಲೆಕ್ಟ್ರಾನು ಬೇಕು. ಆರೂ ಇಲ್ಲೇ ಸಿಗುವುದಿಲ್ಲ.
ಪಕ್ಕದಲ್ಲಿ ಕಾದಿದ್ದ ಪುಟ್ಟ ಪ್ರೋಟೀನೊಂದು
ಬಾಲ ಚಾಚಿ, ತನ್ನೆರಡು ಗಂಧಕಗಳ ನಡುವೆ
ಈ ಮೂರನೆಯದನ್ನು ಇರುಕಿಸಿಕೊಂಡು
ಪೊರೆಯ ಬಾಗಿಲಿಗೆ ಒಯ್ಯುತ್ತದೆ. ಬಾಕಿ ತೀರುವುದು ಅಲ್ಲಿ.
ಹೀಗೆಂದು ಸದ್ಯಕ್ಕೆ ತಿಳಿದಿದೆ, ಎನ್ನುತ್ತಾಳೆ ಮಾರೆಟ್.
'ಸದ್ಯಕ್ಕೆ' ಎಂಬುದನ್ನು ಒತ್ತಿ.

ನಳಿಗೆಯಲ್ಲಿ ಆ ಪ್ರೋಟೀನು ಹಸಿರು,
ನಿಂತ ನೀರಿನ ಪಾಚಿಯಷ್ಟು ಹಸಿರು.
ಎರಡು ಹನಿ ಕ್ಷಾರ ಬಿಟ್ಟು, ದೀಪ ಆರಿಸಿ,
ಕಣ್ಣಿಗೆ ಕಾಣದ ನೇರಳೆಯಾಚೆಯ ಬೆಳಕು ಹಿಡಿದರೆ
ಕೆಂಪಗೆ ಉರಿಯುತ್ತದೆ.
ಮೊದಲ ಸಲ ನೋಡಿದಾಗ ಅವಳು ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು.
ಆಮೇಲೆ ಗೊತ್ತಾಯಿತು:
ಹೊಳೆಯುವುದು ಕಬ್ಬಿಣವಿಲ್ಲದ ಉಂಗುರಗಳು.
ಈ ಕಿಣ್ವದಲ್ಲಿ ಅರ್ಧದಷ್ಟು ಉಂಗುರ ಖಾಲಿ, ಯಾಕೋ.
ಕೆಲಸದ ಉಂಗುರ ಕತ್ತಲಲ್ಲೇ ಇರುತ್ತದೆ.
ತುಂಬಿದ ಕೊಡದ ಮಾತು ಕೆಸರಿಗೂ ಗೊತ್ತು.

ಎಲ್ಲಿನ್ ಹೋದ ಮೇಲೆ ಗುಂಡಿಗಳು ಮಾರೆಟ್ ಪಾಲಿಗೆ ಬಂದವು.
ಡೈಕಿನ ಪಕ್ಕದ ಮನೆ; ಪೆಟ್ಟಿಗೆಯೊಳಗಿದ್ದೂ
ಹನ್ನೆರಡೂ ಮಂಕು, ಒಂದು ಮಾತ್ರ ಮಸಿ.
ಬೋಗುಣಿಗೆ ಅಲ್ಯುಮಿನಿಯಂ ಹಾಳೆ ಹಾಸಿ,
ಸೋಡ ಉದುರಿಸಿ, ಕುದಿನೀರು ಸುರಿದಳು.
ಈಗ ಎಲೆಕ್ಟ್ರಾನು ಹಾಳೆಯಿಂದ ಬೆಳ್ಳಿಗೆ.
ಬೆಳ್ಳಿ ಕೈಬಿಟ್ಟ ಗಂಧಕ
ಹಬೆಯೊಂದಿಗೆ ಎದ್ದಿತು.

ಅಡುಗೆಮನೆ ತುಂಬ ಇಳಿತದ ನಾತ,
ಅಜ್ಜನ ಬೂಟು, ಅಜ್ಜನ ಸಲಿಕೆ,
ಚರ್ಚಿನ ಬಾಗಿಲಲ್ಲಿ ಎದೆ ತಡವಿಕೊಂಡು
ಎಣಿಸುತ್ತ ನಿಂತ ಹುಡುಗಿ.

ಬಟ್ಟೆಯ ಮೇಲೆ ಹರವಿದಳು.
ಹನ್ನೆರಡೂ ಬೆಳ್ಳಗೆ, ಹನ್ನೆರಡೂ ಒಂದೇ ಥರ.
ಒಂದೊಂದಾಗಿ ಹೊರಳಿಸಿ ನೋಡಿದಳು,
ಮತ್ತೆ ನೋಡಿದಳು.
ಯಾವುದು ಅದು?

ಕಿಟಕಿ ತೆರೆಯಲು ಎದ್ದವಳು
ತೆರೆಯಲಿಲ್ಲ ಇನ್ನೂ ಸ್ವಲ್ಪ ಹೊತ್ತು.
ಹೊರಗೆ ನೀರು ಬರುತ್ತಿತ್ತು.