ಸಮದೂರವಲ್ಲ, ಸಮಹೊತ್ತು

ಡೊಂಬಿವಲಿಯಿಂದ ಐರೋಲಿಗೆ ನೇರ ಗಾಡಿಯಿಲ್ಲ.
ಠಾಣೆಯಲ್ಲಿಳಿದು, ಸೇತುವೆ ಹತ್ತಿ,
ಒಂಬತ್ತನೇ ಪ್ಲಾಟ್‌ಫಾರ್ಮಿಗೆ ಓಡಿ
ಇನ್ನೊಂದು ಹಿಡಿಯಬೇಕು.
ಹಾಗೆ ಏದುಸಿರು ಬಿಡುತ್ತ ಬಂದು ಕೂತವಳು
ರಾತ್ರಿಯಿಡೀ ಬರೆಯುತ್ತೇನೆ
ಲಂಡನ್ನಿನಿಂದ ನ್ಯೂಯಾರ್ಕಿಗೆ
ಎಲ್ಲೂ ಇಳಿಯದೆ ಹೋಗುವ ದಾರಿ.

ನಾಲ್ಕನೇ ಮಹಡಿ. ಎಸಿಗೆ ಹೆದರಿ ಹೊದ್ದ ಶಾಲು.
ಪರದೆಯ ಮೇಲೆ ಅಟ್ಲಾಂಟಿಕ್, ಅಂಗೈಯಗಲ,
ನೀಲಿಯೂ ಅಲ್ಲ, ಬೂದು.
ನಾನು ಇಳಿದ ಕಡಲೆಂದರೆ ಗಿರಗಾಂವದ್ದು,
ಮೊಳಕಾಲಿನ ತನಕ.

ಬಿಲಿಮೋರಿಯಾ ಸಾಹೇಬರು ಕೆಲಸ ಕಲಿಸಿದ ಮೊದಲ ದಿನ
ಮೋಸಂಬಿಯೊಂದಕ್ಕೆ ದಾರ ಎಳೆದು ತೋರಿಸಿದ್ದರು:
ನೋಡು, ಬಿಗಿ ಹಿಡಿದರೆ ತಾನಾಗಿ ಬಡಗಣಕ್ಕೆ ಬಾಗುತ್ತದೆ.
ನಕಾಶೆಯಲ್ಲಿ ಸ್ಕೇಲಿಟ್ಟು ಗೀಚಿದ್ದೇ ಸುತ್ತುದಾರಿ.
ಆಮೇಲೆ ಆ ಮೋಸಂಬಿ ಸುಲಿದು
ನಾಲ್ವರಿಗೂ ಹಂಚಿದರು. ಹುಳಿಯಿತ್ತು.

ಇವತ್ತು ಎದುರುಗಾಳಿ ನೂರಹತ್ತು ನಾಟ್.
ಐಸ್‌ಲ್ಯಾಂಡಿನ ಕೆಳಗೆ ಏನೋ ಕುದಿಯುತ್ತಿದೆ.
ಮೊದಲ ದಾರಿ ಅಳಿಸಿದೆ, ಎರಡನೆಯದು ಅರ್ಧಕ್ಕೇ ನಿಂತಿತು.
ಮೂರನೆಯದು ಮೂವತ್ತೆಂಟು ಮೈಲಿ ಉದ್ದ,
ಆದರೂ ಆರು ನಿಮಿಷ ಬೇಗ.
ಗಾಳಿಯ ಲೆಕ್ಕವೇ ಹೀಗೆ, ಸಾಲಗಾರನ ಹಾಗೆ,
ಬಳಸಿಕೊಂಡು ಹೋದರೆ ಸುಮ್ಮನಿರುತ್ತದೆ.

ತೂಕ ಬಂತು: ಇನ್ನೂರ ಅರವತ್ತೊಂದು ಜನ,
ತನ್ನದೇ ಸೀಟು ಕೊಂಡ ಒಂದು ಚೆಲ್ಲೋ,
ಎರಡು ಟನ್ ಮೀನು,
ಒಂದು ಶವಪೆಟ್ಟಿಗೆ. ಅದಕ್ಕೂ ಕಿಲೋ ಇದೆ.

ಕ್ಯಾಪ್ಟನ್ ಆಡ್ಲಿಂಗ್ಟನ್ನನ ಫೋನು. ನೆಗಡಿಯ ದನಿ.
ಇನ್ನೆರಡು ಟನ್ ಇಂಧನ ಬೇಕು.
ಯಾಕೆ?
ಯಾಕೋ.
ಹೆಚ್ಚಿಗೆ ಹೊತ್ತ ಒಂದು ಟನ್ನಿನಲ್ಲಿ
ಕಾಲು ಟನ್ ಹೊರುವುದಕ್ಕೇ ಸುಡುತ್ತದೆ,
ಬುತ್ತಿ ಹೊತ್ತವನೇ ದಾರಿಯಲ್ಲಿ ಬುತ್ತಿ ಬಿಚ್ಚಿದ ಹಾಗೆ.
ಅವನಿಗಿದು ಗೊತ್ತು, ನಾನು ಹೇಳಲಿಲ್ಲ.
'ಯಾಕೋ' ಎಂಬುದಕ್ಕೆ ಫಾರ್ಮಿನಲ್ಲಿ ಕಾಲಮ್ಮಿಲ್ಲ.
'ಹವಾಮಾನ' ಎಂದು ಬರೆದು ಒಂದೂವರೆ ಕೊಟ್ಟೆ.
ಪಕ್ಕದ ಮೇಜಿನ ಝರೀನಾ ಮುಕಾದಮ್ ನಕ್ಕಳು:
ಇದೇನು ವಾಶಿಯ ಈರುಳ್ಳಿ ಮಾರುಕಟ್ಟೆಯೇನೇ?

ಕೊನೆಗೆ ಗುರುತಿಸುವುದು ಆ ಬಿಂದು.
ಅಲ್ಲಿಂದ ಹಿಂದಕ್ಕೆ ಶಾನನ್, ಮುಂದಕ್ಕೆ ಗ್ಯಾಂಡರ್,
ಒಂದು ಇಂಜಿನ್ ಸತ್ತರೆ ಎರಡಕ್ಕೂ ಅಷ್ಟೇ ಹೊತ್ತು.
ಸಮದೂರವಲ್ಲ, ಸಮಹೊತ್ತು.
ಅಲ್ಲಿ ದೀಪವಿಲ್ಲ, ಬಂಡೆಯಿಲ್ಲ,
ಹೆಸರಿಡಲು ಒಂದು ಮೀನುಗಾರರ ಹಳ್ಳಿಯೂ ಇಲ್ಲ.
ಇವತ್ತಿನ ಗಾಳಿಗೆ ಇವತ್ತಿನದು, ನಾಳೆ ಬೇರೆ ಕಡೆ.
ಎದುರುಗಾಳಿ ಜೋರಾದಷ್ಟೂ ಪಡುವಣಕ್ಕೆ ಜಾರುತ್ತದೆ:
ಅಂದರೆ ಬಹಳ ಹೊತ್ತಿನ ತನಕ
ಹಿಂತಿರುಗುವುದೇ ಹತ್ತಿರ.
ಇದನ್ನು ನಾನು ಬರೆಯುವುದು ಎರಡಂಕಿಗಳಲ್ಲಿ,
ಅಕ್ಷಾಂಶ, ರೇಖಾಂಶ. ಕೆಳಗೆ ಸಹಿ.
ಅವನದೂ ಬೀಳುತ್ತದೆ. ಹೊಣೆ ಇಬ್ಬರದು,
ಹಾರುವುದು ಒಬ್ಬ.

ಯಾರೋ ಚೆಕ್-ಇನ್ ಮಾಡಿ ಮಾಯವಾದರಂತೆ,
ಪೆಟ್ಟಿಗೆ ಹುಡುಕಿ ಇಳಿಸಿ ನಲವತ್ತು ನಿಮಿಷ ತಡ.
ನಮ್ಮ ಎರಡೂ ಹತ್ತಕ್ಕೆ ನೆಲ ಬಿಟ್ಟಿತು.

ಆರೂ ಕಾಲು. ಠಾಣೆಯ ಸೇತುವೆ.
ಐರೋಲಿಯ ಗಾಡಿಗೆ ಧಾವಿಸುವ ಜನ ಎದುರಿಗೆ,
ಡಬ್ಬಿ, ಬ್ಯಾಗು, ಒದ್ದೆ ಕೂದಲು, ಯಾರದೋ ಮೊಣಕೈ.
ಕಂಬಿಗೆ ಅಂಟಿಕೊಂಡು, ಬಳಸಿಕೊಂಡು ನಡೆಯುತ್ತೇನೆ.
ಫೋನಿನಲ್ಲಿ ಅದರ ಚುಕ್ಕೆ ಬಿಂದುವನ್ನು ಮುಟ್ಟುತ್ತಿರಬೇಕು;
ತೆಗೆದು ನೋಡಲು ಕೈ ಖಾಲಿಯಿಲ್ಲ,
ಒಂದರಲ್ಲಿ ಮೆಂತ್ಯದ ಕಟ್ಟು, ಇನ್ನೊಂದರಲ್ಲಿ ಕಂಬಿ.

ಡೊಂಬಿವಲಿಯ ಕಡೆ ಹೋಗುವ ಗಾಡಿ ಈ ಹೊತ್ತಿಗೆ ಖಾಲಿ.
ಕಿಟಕಿ ಸಿಕ್ಕಿತು. ಚಪ್ಪಲಿ ಕಳಚಿ ಕಾಲು ಮೇಲಿಟ್ಟೆ.
ಕಳವಾ ದಾಟುವಾಗ ಲೆಕ್ಕ ಹಾಕುತ್ತಿದ್ದೆ:
ಆ ಒಂದೂವರೆಯಲ್ಲಿ ಎಷ್ಟು ಉಳಿದೀತು.
ಮುಂಬ್ರಾದಲ್ಲಿ ಹತ್ತಿದ ಹೆಂಗಸು
ಸೊಪ್ಪು ಎಷ್ಟಕ್ಕೆ ಅಂದಳು.
ಇಪ್ಪತ್ತು, ಅಂದೆ.
ಜಾಸ್ತಿಯಾಯಿತು, ಅಂದಳು.