ಮುಚ್ಚಳದ ಪಾತ್ರೆ

ಮಾರ್ಚಿಯಲ್ಲಿ ನಮ್ಮ ಕಟ್ಟಡದ ಕೊಳವೆಗಳನ್ನೆಲ್ಲ ಬದಲಿಸಿದರು,
ಎಂಟು ಮಹಡಿ, ನೆಲದಿಂದ ತಾರಸಿಯವರೆಗೆ.
ಅಡುಗೆಮನೆಯ ಗೋಡೆಯಲ್ಲಿ ಆಳೆತ್ತರದ ತೂತು.
ಕೆಳಮನೆಯ ಕೆಮ್ಮು ಅದರೊಳಗಿಂದ ಹತ್ತಿ ಬಂದು
ನಮ್ಮ ಮೇಜಿನ ಬಳಿ ಕೂರುತ್ತಿತ್ತು.
ಒಲೆ ಹಜಾರದಲ್ಲಿ, ಬೆಡ್‌ಶೀಟು ಹೊದ್ದು,
ಕಾಯಿಲೆಯ ನೆಂಟನ ಹಾಗೆ.

ಹತ್ತು ದಿನ ಅಂದಿದ್ದರು. ಆರು ವಾರವಾಯಿತು.
ನಲವತ್ತೊಂದು ವರ್ಷ ಮನೆಯೂಟ ಬಿಟ್ಟು ಬೇರೆ ಮುಟ್ಟದ ಕ್ವೇತಾ
ಮೂರನೇ ದಿನ ಬ್ರೆಡ್ಡಿನ ತಟ್ಟೆ ಆಚೆ ತಳ್ಳಿ
"ಹೋಗು, ಏನಾದರೂ ಬಿಸಿಯಾದದ್ದು ತಾ" ಅಂದಳು.
"ಏನು ತರಲಿ?"
"ಹೆಸರು ಗೊತ್ತಿಲ್ಲದ್ದು ತಾ.
ಗೊತ್ತಿರೋದನ್ನ ನಾನೇ ಚೆನ್ನಾಗಿ ಮಾಡ್ತೀನಿ."

ಬ್ರ್ನೋದ ನಮ್ಮ ಬೀದಿಯಲ್ಲಿ, ಟ್ರಾಮ್ ತಿರುಗುವಲ್ಲಿ, ಎರಡು ಅಂಗಡಿ.
ಒಂದು ಇಂಡಿಯನ್. ಬಾಗಿಲ ಮೇಲೆ ಆನೆ,
ಗಲ್ಲಾದಲ್ಲಿ ನೇಪಾಳದ ತಿಲಕ್ ಗುರುಂಗ್.
"ಖಾರ ಸೊನ್ನೆಯಿಂದ ಐದು. ಎಷ್ಟು ಹಾಕಲಿ?"
ಇಪ್ಪತ್ತೆಂಟು ವರ್ಷ ಟ್ರಾಮ್ ಓಡಿಸಿದವನು,
ಸೊನ್ನೆ ಅನ್ನಲು ನಾಚಿಕೆ. ಮೂರು ಅಂದೆ.
ಆ ರಾತ್ರಿ ಕ್ವೇತಾಳ ಕಣ್ಣು ಮೂಗು ಒಟ್ಟಿಗೇ ಸೋರಿ
"ಕರೀ ಆ ಕೊಳವೆಯವರನ್ನ" ಅಂತ ನಗುತ್ತಲೇ
ಸಾರಿಗೆ ಅದ್ದಿದ ತಂದೂರಿ ರೊಟ್ಟಿಯನ್ನು ಮಾತ್ರ ಬಿಡಲಿಲ್ಲ.
ಅವಳ ಹೆಬ್ಬೆರಳು ಭಾನುವಾರದವರೆಗೂ ಹಳದಿ;
ಸೋಪಿಗೂ ಬಗ್ಗಲಿಲ್ಲ, ನಿಂಬೆಗೂ ಬಗ್ಗಲಿಲ್ಲ.

ಇನ್ನೊಂದು ವಿಯೆಟ್ನಾಮಿನವರದು.
ಮೊದಲು ಅಲ್ಲಿ ಬೂಟು ರಿಪೇರಿಯವನಿದ್ದ. ಮಳೆ ಬಂದರೆ ಈಗಲೂ
ಚಕ್ರಮೊಗ್ಗಿನ ಘಮದಡಿ ತೊಗಲಿನ ವಾಸನೆ.
ಯಜಮಾನಿಯನ್ನು ಎಲ್ಲರೂ ಲೆಂಕಾ ಅನ್ನುತ್ತಾರೆ.
ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಾರು ಬೇಡವೆಂದು
ಅಪ್ಪ ಬಿಯರಿಗೆ ಜಗ್ಗು ಒಯ್ಯುತ್ತಿದ್ದ ಹಾಗೆ ನಾನು
ಮನೆಯ ನೀಲಿ ಎನಾಮಲ್ ಪಾತ್ರೆ ಹಿಡಿದು ಹೋದೆ, ಮುಚ್ಚಳ ಸಹಿತ.
ಎಂಟು ದಾಟಿತ್ತು. ಕುರ್ಚಿಗಳು ಮೇಜಿನ ಮೇಲೆ ಮಗುಚಿದ್ದವು.
ಅವಳು ಪಾತ್ರೆ ನೋಡಿದಳು, ನನ್ನನ್ನು ನೋಡಿದಳು,
ಆರಿಸಿದ್ದ ಒಲೆ ಮತ್ತೆ ಹಚ್ಚಿದಳು.

ಮೂಳೆಯ ಸಾರು, ನೂಲಿನಂಥ ಶಾವಿಗೆ, ಹಸಿ ಸೊಪ್ಪು,
ಪುಟ್ಟ ಪೊಟ್ಟಣದಲ್ಲಿ ಬೇರೆಯಾಗಿ ಮೆಣಸಿನಕಾಯಿ.
ಕ್ವೇತಾ ಪಾತ್ರೆ ಎತ್ತಿಯೇ ಕುಡಿದಳು. ಆಮೇಲೆ ಬಹಳ ಹೊತ್ತು
ಏನನ್ನೂ ದೂರಲಿಲ್ಲ. ನನಗೆ ಭಯವಾಯಿತು.

ಐದನೇ ವಾರ, ಸಾರು ಕುದಿಯುವ ತನಕ, ಮಾತಿಗೆ ಮಾತು:
"ಎಂಬತ್ತಮೂರರಲ್ಲಿ ಬಂದೆ. ಟ್ರ್ಯಾಕ್ಟರ್ ಕಾರ್ಖಾನೆಗೆ.
ಹತ್ತೊಂಬತ್ತು ನನಗೆ.
ನಾಲ್ಕೂಮುಕ್ಕಾಲರ ಟ್ರಾಮು. ಹಿಮದಲ್ಲಿ ಓಡಿ ಬರ್ತಿದ್ವಿ, ಹುಡುಗಿಯರೆಲ್ಲ.
ಕೆಲವು ಡ್ರೈವರುಗಳು ಕಾಯೋರು.
ಒಬ್ಬ ಕನ್ನಡಿಯಲ್ಲಿ ನಮ್ಮನ್ನು ನೋಡಿ
ಆಮೇಲೆ ಬಾಗಿಲು ಹಾಕ್ತಿದ್ದ."

ಯಾವ ನಂಬರಿನ ಟ್ರಾಮು ಎಂದು ನಾನು ಕೇಳಲಿಲ್ಲ.
ನೀವೇನು ಕೆಲಸದಲ್ಲಿದ್ದಿರಿ ಎಂದು ಅವಳೂ ಕೇಳಲಿಲ್ಲ.
ವೇಳಾಪಟ್ಟಿ ಇತ್ತು, ಅದು ನಿಜ.
ಎರಡು ನಿಮಿಷ ತಡವಾದರೆ ಸಂಬಳಕ್ಕೆ ಕತ್ತರಿ.
ಕನ್ನಡಿಯೂ ಇತ್ತು.

"ಲೆಂಕಾ ನಿಮ್ಮ ಹೆಸರಲ್ಲ, ಅಲ್ಲವೇ?" ಅಂದೆ, ಬೇರೇನೂ ಹೊಳೆಯದೆ.
"ನ್ಯುಂಗ್. ಮಖಮಲ್ಲು ಅಂತ ಅರ್ಥ. ಯಾಕೆ?"
"ಸುಮ್ಮನೆ."
ದಾರಿಯುದ್ದಕ್ಕೂ ಹೇಳಿ ನೋಡಿದೆ,
ಮೂಗಿನಲ್ಲೋ ಗಂಟಲಲ್ಲೋ ತಿಳಿಯದೆ.
ಪಾತ್ರೆ ಬಿಸಿ. ಕೈ ಬದಲಿಸುತ್ತ, ಕೈ ಬದಲಿಸುತ್ತ.

ಈಗ ಗೋಡೆ ಮುಚ್ಚಿದೆ. ಒಲೆ ಸ್ವಸ್ಥಾನಕ್ಕೆ ಬಂದಿದೆ.
ಕ್ವೇತಾ ಸಬ್ಬಸಿಗೆಯ ಸಾಸು ಮಾಡಿ, ಸೌಟು ನೆಕ್ಕಿ,
ಏನೋ ಕಮ್ಮಿ ಅನ್ನುತ್ತಾಳೆ. ಉಪ್ಪಲ್ಲ. ಹುಳಿಯಲ್ಲ.
ತಿಲಕನ ಡಬ್ಬಿಗಳಲ್ಲಿ ನನ್ನ ಮೊಳೆ, ತಿರುಪು;
ಮುಚ್ಚಳ ತೆಗೆದರೆ ಇನ್ನೂ ಜೀರಿಗೆ.
ಬುಧವಾರ ಅವಳೇ ನೀಲಿ ಪಾತ್ರೆ ಒರೆಸಿ ಕೈಗಿಡುತ್ತಾಳೆ.

ಎಂಟಕ್ಕೆ ಮೊದಲೇ ಹೋಗುತ್ತೇನೆ.
ಏಳೂವರೆಗೆ. ಕೆಲವೊಮ್ಮೆ ಏಳಕ್ಕೇ.
ಹೊರಗೆ ನಿಂತು ಆ ಹೆಸರನ್ನು ಒಮ್ಮೆ ಬಾಯೊಳಗೆ ತಿರುಗಿಸುತ್ತೇನೆ,
ಅದರ ಹಿಂದೆ ಹೇಳಬೇಕಾದ್ದನ್ನೂ.
ಒಳಗೆ ಹೋದ ಮೇಲೆ
ಇಬ್ಬರಿಗೆ, ಅನ್ನುತ್ತೇನೆ. ಅಷ್ಟೇ.